ಕೊಲ್ಲುವವರು ಬೇಕಾಗಿದ್ದಾರೆ

ಬೆಳಿಗ್ಗೆ ಮಾಜಿ ಮಂತ್ರಿಗಳ ಕೈ ಸೇರಿದ ಸರ್ಕಾರಿ ಕಾಗದದಲ್ಲಿ ಇದ್ದದ್ದು ಇಷ್ಟು: ತಮ್ಮನ್ನು ಯಾರಾದರೂ ಹತ್ಯೆ ಮಾಡುವ ಸಂಭವವಿದ್ದಲ್ಲಿ ಸಂಜೆ ಐದರೊಳಗೆ ದಾಖಲೆ ಸಮೇತ ತಿಳಿಸತಕ್ಕದ್ದು, ತಪ್ಪಿದಲ್ಲಿ ತಮ್ಮ ಗನ್‌ಮ್ಯಾನ್‌ನನ್ನು ವಾಪಸು ಪಡೆಯಲಾಗುವುದು.

ಅವರು ಹೌಹಾರಿದರು. ಹೆಂಡತಿ ತೀರಿಹೋಗಿ ಆರು ವರ್ಷವಾಗಿತ್ತು. ಮಗನಿಗೆ ಫೋನ್ ಮಾಡಿದರೆ ಭಾನುವಾರವೂ ಮೀಟಿಂಗಿನಲ್ಲಿರುತ್ತಿದ್ದ. ಗನ್‌ಮ್ಯಾನ್ ಒಬ್ಬನೇ ಬಂದೂಕನ್ನು ಕೊಡೆಯ ಪಕ್ಕ ಒರಗಿಸಿಟ್ಟು ಅವರ ಜೊತೆ ಹಾವು-ಏಣಿ ಆಡುತ್ತಿದ್ದ. ತಾವು ಮಂತ್ರಿಯಾಗಿದ್ದಾಗ ನಡೆದ ಯುದ್ಧದ ಕತೆಯನ್ನು ಮುನ್ನೂರನೇ ಸಲ ಹೇಳಿದರೂ "ಆಮೇಲೇನಾಯ್ತು ಸಾರ್?" ಎಂದು ಕೇಳುತ್ತಿದ್ದ. ಅವನೂ ಹೋದರೆ ಆ ಮನೆಯಲ್ಲಿ ಮಾತಾಡಲು ಗೋಡೆಗಳೇ ಗತಿ.

"ಬೇಜಾರು ಮಾಡ್ಕೋಬೇಡಿ ಸಾರ್, ಕೊಲ್ಲೋರು ಯಾರಾದ್ರೂ ಸಿಗ್ತಾರೆ," ಎಂದು ಗನ್‌ಮ್ಯಾನ್ ಸಮಾಧಾನ ಹೇಳಿದ.

ಪಕ್ಕದ ಮನೆಯ ವಕೀಲರು ಯಾರೂ ಕರೆಯದೆಯೇ ಕಾಂಪೌಂಡಿನ ಮೇಲೆ ತಲೆಯಿಟ್ಟರು. "ಕಳ್ಳ ಬಂದು ಕೊಂದ್ರೆ ಅದು ಬರೀ ಕೊಲೆ ಸಾರ್. ರಾಜಕೀಯ ಕಾರಣ ಇದ್ರೆ ಮಾತ್ರ ಹತ್ಯೆ."

"ಏನು ವ್ಯತ್ಯಾಸ?"

"ಸತ್ತೋರಿಗೆ ಏನೂ ಇಲ್ಲ. ಗನ್‌ಮ್ಯಾನ್ ಬೇಕು ಅಂದ್ರೆ ಮಾತ್ರ ಉಂಟು."

ತನ್ನ ವಿಷಯಕ್ಕೆ ತಾನೇ ಬಂದರೆ ಚೆನ್ನಾಗಿರುವುದಿಲ್ಲವೆಂದು ಗನ್‌ಮ್ಯಾನ್ ಮನೆಯಲ್ಲೇ ಉಳಿದ. ಮಾಜಿ ಮಂತ್ರಿಗಳೂ ವಕೀಲರೂ ಹಳೆಯ ವಿರೋಧ ಪಕ್ಷದ ನಾಯಕರ ಮನೆಗೆ ಹೋದರು. ಒಂದು ಕಾಲದಲ್ಲಿ ಆ ನಾಯಕರು, ತುಂಬಿದ ಸಭೆಯಲ್ಲಿ ಮಾಜಿ ಮಂತ್ರಿಗಳತ್ತ ಬೆರಳು ತೋರಿಸಿ, 'ಇವನನ್ನು ಮುಗಿಸಿಬಿಡುತ್ತೇನೆ' ಎಂದು ಗುಡುಗಿದ್ದರು. ಈಗ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದರು.

"ಈಗಲೂ ನನ್ನ ಮುಗಿಸ್ತೀನಿ ಅಂತ ಒಂದು ಸಾಲು ಬರೆದುಕೊಟ್ರೆ ಉಪಕಾರ ಆಗ್ತಿತ್ತು," ಎಂದರು ಮಾಜಿ ಮಂತ್ರಿಗಳು.

"ನಿಮ್ಮನ್ನ ಕೊಂದು ನಾನೇನು ಮಾಡ್ಲಿ? ನಿಮ್ಮ ಕುರ್ಚಿ ಖಾಲಿಯಾಗಿ ಹದಿನೆಂಟು ವರ್ಷ ಆಯ್ತಲ್ಲ," ಎಂದು ನಾಯಕರು ಟವೆಲ್ ಕೇಳಿದರು.

ಮೆಟ್ಟಿಲಿಳಿಯುವಾಗ ವಕೀಲರಿಗೆ ಹೊಳೆಯಿತು. "ಆಗಿನ ಶತ್ರು ದೇಶದವರನ್ನೇ ಕೇಳೋಣ. ಯುದ್ಧದಲ್ಲಿ ಮೋಸ ಮಾಡಿ ಕೊಲ್ಲೋದು ತಪ್ಪು ಸಾರ್. ಆದ್ರೆ ಸೈನ್ಯ ನಡೆಸೋನು ನ್ಯಾಯವಾದ ಗುರಿ ಅಂತ ವಾದ ಇದೆ. ನೀವು ನಡೆಸ್ತಿದ್ರಲ್ವಾ?"

"ನಂದು ಬೂಟು, ಕಂಬಳಿ ಖಾತೆ."

"ಇರ್ಲಿ, ವಾದಿಸೋಣ."

ಆ ದೇಶ ಈಗ ಮಿತ್ರ ದೇಶ. ಅದರ ರಾಯಭಾರ ಕಚೇರಿಯ ಅಧಿಕಾರಿಣಿ ಮರ್ಯಾದೆಯಿಂದ ಕೂರಿಸಿ, ಎರಡು ಗಂಟೆ ಹುಡುಕಿಸಿ, ಗುಟ್ಟಾಗಿಡುವ ಅವಧಿ ಮುಗಿದ ಹಳೆಯ ಫೈಲಿನ ನಕಲು ಕೊಟ್ಟರು. ಮೊದಲ ಪುಟದಲ್ಲಿ ಹೀಗಿತ್ತು: 'ಈ ಮಂತ್ರಿಯು ಸೈನ್ಯದ ಬೆನ್ನೆಲುಬು. ಯುದ್ಧ ಮುಗಿಯುವವರೆಗೆ ಇವರನ್ನು ಕೊಲ್ಲುವುದು ಕಾನೂನುಬದ್ಧ.' ಓದುತ್ತಲೇ ಮಾಜಿ ಮಂತ್ರಿಗಳ ಕಣ್ಣು ತುಂಬಿತು. ತಮ್ಮ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಯಾರೂ ಬರೆದಿರಲಿಲ್ಲ.

"ಎರಡನೇ ಪುಟನೂ ಒಂದ್ಸಲ ನೋಡಿಬಿಡಿ ಸಾರ್," ಎಂದು ಆಕೆ ಕೂಗುವಷ್ಟರಲ್ಲಿ ಅವರು ಗೇಟು ದಾಟಿದ್ದರು.

ಐದಕ್ಕೆ ಹತ್ತು ನಿಮಿಷವಿದ್ದಾಗ, ಬೆಳಗಿನ ಕಾಗದ ಕಳಿಸಿದ್ದ ಕಚೇರಿಯಲ್ಲಿ, ಭದ್ರತಾ ಅಧಿಕಾರಿ ಮೊದಲ ಪುಟ ಓದಿ ತಲೆದೂಗಿದ. ಆಮೇಲೆ ಹಾಳೆ ತಿರುಗಿಸಿ ಗಟ್ಟಿಯಾಗಿ ಓದಿದ: "'ಆದರೂ ಇವರನ್ನು ಮುಟ್ಟತಕ್ಕದ್ದಲ್ಲ. ಇವರು ತಮ್ಮ ಸೈನ್ಯಕ್ಕೆ ಕಳಿಸುವ ಬೂಟುಗಳೆಲ್ಲ ಎಡಗಾಲಿನವು. ಇವರೊಬ್ಬರು ನಮ್ಮ ಎರಡು ತುಕಡಿಗೆ ಸಮ.'"

"ಅದು ಕಾರ್ಖಾನೆಯವರ ತಪ್ಪು," ಎಂದು ಮಾಜಿ ಮಂತ್ರಿಗಳು ತೊದಲಿದರು.

"ತಪ್ಪೋ, ಶತ್ರುಗಳ ಜೊತೆ ಒಪ್ಪಂದವೋ, ವಿಚಾರಣೆ ಆಗ್ಬೇಕು."

"ಹಾಗಾದ್ರೆ ನನ್ನ ಗನ್‌ಮ್ಯಾನ್?"

"ಅವನು ಇದ್ದೇ ಇರ್ತಾನೆ. ನಿಮ್ಮನ್ನ ಹಾಗೆ ಬಿಡೋಕಾಗುತ್ತಾ?"

ಅಷ್ಟು ಸಾಕಾಗಿತ್ತು ಅವರಿಗೆ. ವಿಚಾರಣೆಯ ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಯಿತು. ದಾರಿಯುದ್ದಕ್ಕೂ, ಇಂದಿನ ಸಾಹಸವನ್ನು ಅವನಿಗೆ ಎಲ್ಲಿಂದ ಶುರುಮಾಡಿ ಹೇಳಲಿ ಎಂದು ಲೆಕ್ಕ ಹಾಕಿದರು.

ಇವರು ಮನೆ ಮುಟ್ಟುವ ಮೊದಲೇ ಅವನಿಗೆ ಫೋನಿನಲ್ಲಿ ಆಜ್ಞೆ ಬಂದುಹೋಗಿತ್ತು. ಗನ್‌ಮ್ಯಾನ್ ಗೇಟಿನ ಆಚೆ, ಬೀದಿಗೆ ಬೆನ್ನುಮಾಡಿ ಮನೆಯನ್ನೇ ನೋಡುತ್ತ ಕೂತಿದ್ದ. ಬಂದೂಕು ತೊಡೆಯ ಮೇಲಿತ್ತು.

"ಬಾರಯ್ಯ ಒಳಗೆ. ಗೆದ್ದುಬಂದೆ ಕಣೋ."

ಅವನು ಕೆಮ್ಮಿದ. ಕಣ್ಣೊರೆಸಿಕೊಂಡು, ಜೇಬಿನಿಂದ ಹೊಸ ಪುಸ್ತಕ ತೆಗೆದು ಏನೋ ಗೀಚಿದ.

ವಕೀಲರು ಅಲ್ಲೇ ಬಗ್ಗಿ ಓದಿ ಹೇಳಿದರು: "'ಸಂಜೆ ಆರು ಹತ್ತು. ಶಂಕಿತರು ಮಾತಾಡಿಸಲು ಪ್ರಯತ್ನಿಸಿದರು. ಉತ್ತರ ಕೊಟ್ಟಿರುವುದಿಲ್ಲ.'"