ಮುದ್ದೆ ತಿರುವಿದ್ದು ಯಾರು?

ಅಡುಗೆ ಬರುವ ಗಂಡಸರಲ್ಲಿ ಎರಡು ಜಾತಿ. ವರ್ಷಕ್ಕೊಮ್ಮೆ ಉಪ್ಪಿಟ್ಟು ಮಾಡಿ ಆರು ತಿಂಗಳು ಅದರ ಮಾತನ್ನೇ ಆಡುವವರು ಒಂದು ಜಾತಿ. ದಿನಾ ಮಾಡಿಯೂ ತುಟಿ ಬಿಚ್ಚದವರು ಇನ್ನೊಂದು. ನಾನು ಎರಡನೆಯವರ ಪೈಕಿ ಎಂದ ಕೂಡಲೇ ನೀವು ನನ್ನನ್ನು ವಿನಯವಂತ ಎಂದುಕೊಳ್ಳುವ ಅಪಾಯವಿದೆ. ದಯವಿಟ್ಟು ಹಾಗೆಂದುಕೊಳ್ಳಬೇಡಿ. ನಾನು ತುಟಿ ಬಿಚ್ಚದೆ ಇದ್ದದ್ದು ಶುದ್ಧ ಹೆದರಿಕೆಯಿಂದ. ಜನ ಹೆಂಡತಿಗೆ ಹೆದರುತ್ತಾರೆ, ಮೇಷ್ಟ್ರಿಗೆ ಹೆದರುತ್ತಾರೆ, ನಾಯಿಗೂ ಹೆದರುತ್ತಾರೆ. ನಾನು ಹೆದರುತ್ತಿದ್ದದ್ದು ನಮ್ಮಮ್ಮ ನನ್ನ ಕೈಯಲ್ಲಿ ಸೌಟು ನೋಡಿಬಿಟ್ಟಾಳೆಂದು.

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ಅಮ್ಮನದೊಂದು ಮುದ್ದೆ ಹೋಟ್ಲು ಇತ್ತು. ಹೋಟ್ಲು ಎಂದರೆ ಒಂದು ತಗಡಿನ ಮಾಡು, ಎರಡು ಬೆಂಚು, ಮೂರು ಒಲೆ, ಅಷ್ಟೆ. ನಾನು ನಡೆಯಲು ಕಲಿಯುವ ಮೊದಲೇ ಅಪ್ಪ ತೀರಿಕೊಂಡಿದ್ದ. ಆ ಮೂರು ಒಲೆಗಳ ಮುಂದೆ ಕೂತೇ ಅಮ್ಮ ನನ್ನನ್ನು ಹೈಸ್ಕೂಲು ದಾಟಿಸಿದಳು. ಅವಳ ಹುರುಳಿ ಸಾರಿಗಾಗಿ ಬಸ್ಸು ತಪ್ಪಿಸಿಕೊಂಡು ಕೂತವರನ್ನು ನಾನೇ ಕಂಡಿದ್ದೇನೆ. ಆದರೆ ನಾನು ಒಲೆಯ ಹತ್ತಿರ ಸುಳಿದರೆ ಸಾಕು, ಊದುಗೊಳವೆ ಎತ್ತುತ್ತಿದ್ದಳು. "ಅತ್ತ ಹೋಗ್ಲಾ! ನಾನು ಈ ಹೊಗೆ ಕುಡೀತಿರೋದು ನೀನು ಸೌಟು ಹಿಡೀಲಿ ಅಂತಲ್ಲ. ನಿನ್ ಕೈಗೆ ಪೆನ್ನು ಬರ್ಲಿ ಅಂತ" ಎನ್ನುತ್ತಿದ್ದಳು. ಅವಳ ಲೋಕದಲ್ಲಿ ಇದ್ದದ್ದು ಎರಡೇ ಬಗೆಯ ಕೈ. ಪೆನ್ನು ಹಿಡಿದದ್ದು ಗೆದ್ದ ಕೈ, ಸೌಟು ಹಿಡಿದದ್ದು ಸೋತ ಕೈ.

ನಾನು ಹಿಂದೂಪುರದಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದಾಗ ಅಮ್ಮ ನನ್ನ ಮದುವೆ ಗೊತ್ತುಮಾಡಿದಳು. ಅವಳು ಹೆಣ್ಣನ್ನು ಆರಿಸಿದ ರೀತಿಯೇ ಬೇರೆ. ಕಂಬದೂರಿನಿಂದ ಕುರಿ ವ್ಯಾಪಾರಕ್ಕೆ ಬರುತ್ತಿದ್ದ ರೈತರೊಬ್ಬರು ನಮ್ಮ ಬೆಂಚಿನ ಮೇಲೆ ಊಟ ಮಾಡುತ್ತಿದ್ದರು. ಉಂಡ ಮೇಲೆ ತಟ್ಟೆಯನ್ನು ತಾವೇ ತೊಳೆದಿಡುತ್ತಿದ್ದರು. "ತಟ್ಟೆ ತೊಳೆದಿಡೋ ಮನುಷ್ಯ ಕಣ್ಲಾ, ಅಂಥೋರ ಮನೆ ಹೆಣ್ಣು ಅಡುಗೇಲಿ ಎತ್ತಿದ ಕೈ ಇರ್ತದೆ" ಎಂದು ಅಮ್ಮ ತೀರ್ಮಾನಿಸಿಬಿಟ್ಟಳು. ಈ ತರ್ಕದಲ್ಲಿ ಎಲ್ಲೋ ಒಂದು ಕೊಂಡಿ ಕಳಚಿದೆ ಎಂದು ನನಗೆ ಆಗಲೇ ಅನ್ನಿಸಿತ್ತು. ಮದುವೆಯಾದ ಮೂರನೆಯ ದಿನ ಅದು ಖಚಿತವಾಯಿತು. ನನ್ನ ಹೆಂಡತಿ ರತ್ನಳಿಗೆ ತಾಯಿ ಇರಲಿಲ್ಲ, ಅಡುಗೆಯೆಲ್ಲ ಅಜ್ಜಿಯದು. ಅಪ್ಪ ಮಗಳನ್ನು ಇಂಟರ್‌ಮೀಡಿಯೆಟ್‌ವರೆಗೆ ಓದಿಸಿದ್ದರು. ಅವಳಿಗೆ ಲೆಕ್ಕ ಬರುತ್ತಿತ್ತು, ಮೂರು ಭಾಷೆ ಬರುತ್ತಿತ್ತು, ಬೇಳೆ ಬೇಯಿಸಲು ಬರುತ್ತಿರಲಿಲ್ಲ.

ಅದೇ ವರ್ಷ ಅವಳಿಗೆ ಹಿಂದೂಪುರದಲ್ಲೇ ಟೀಚರ್ ಟ್ರೈನಿಂಗ್ ಸೀಟು ಸಿಕ್ಕಿತು. ಓದಿ ಮೇಷ್ಟ್ರಮ್ಮ ಆಗುತ್ತಾಳೆಂದು ಅಮ್ಮನೂ ಒಪ್ಪಿದಳು. ನೇಕಾರರ ಬೀದಿಯಲ್ಲಿ ನರಸಮ್ಮ ಎಂಬಾಕೆಯ ಮನೆಯ ಹಿಂಭಾಗದಲ್ಲಿ ಒಂದು ಕೋಣೆ, ಒಂದು ಪುಟ್ಟ ಅಡುಗೆಮನೆ ಬಾಡಿಗೆಗೆ ಹಿಡಿದೆವು. ರತ್ನ ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ಸಂಜೆ ಐದಕ್ಕೆ. ನನ್ನ ಕ್ಲಾಸು ಹತ್ತರಿಂದ ಒಂದರವರೆಗೆ ಮಾತ್ರ. ಹೀಗಾಗಿ ಸೌಟು ಯಾರೂ ಕೊಡದೆ, ಯಾರೂ ಕೇಳದೆ, ತಾನಾಗಿ ನನ್ನ ಕೈಗೆ ಬಂತು. ಟೈಂಟೇಬಲ್ಲು ಮಾಡಿದ ಕೆಲಸ ಅದು.

ನನಗೆ ಅಡುಗೆ ಕಲಿಸಿದವಳು ನರಸಮ್ಮ. ಅವಳ ಮಗ್ಗಕ್ಕೂ ನಮ್ಮ ಒಲೆಗೂ ನಡುವೆ ಒಂದೇ ಗೋಡೆ. ಕೂತ ಜಾಗ ಬಿಟ್ಟೇಳದೆ, ಲಾಳಿ ಎಸೆಯುತ್ತಲೇ ಪಾಠ ಮಾಡುತ್ತಿದ್ದಳು. ಕಣ್ಣಿಗೆ ಕಾಣದಿದ್ದರೇನು, ಅವಳ ಮೂಗು ನಮ್ಮ ಅಡುಗೆಮನೆಯಲ್ಲೇ ವಾಸವಾಗಿತ್ತು. "ಏಮಯ್ಯಾ ಕಾಲೇಜೂ! ಮಾಡಿಪೋತಾ ಉಂದಿ, ಸೀದ್ ವಾಸ್ನೆ ಬತ್ತಾ ಐತೆ, ಇಳ್ಸು ಇಳ್ಸು!" ಎಂದು ಗೋಡೆಯಾಚೆಯಿಂದ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೂಗುವಳು. ಮೊದಲ ದಿನದ ಮುದ್ದೆಯನ್ನು ನಾನೂ ರತ್ನಳೂ ಚಮಚದಲ್ಲಿ ಕುಡಿದೆವು. ಎರಡನೆಯ ದಿನದ್ದನ್ನು ಕತ್ತಿಯಲ್ಲಿ ಕೊಯ್ದೆವು. ತಿಂಗಳಾಗುವ ಹೊತ್ತಿಗೆ ಮುದ್ದೆ ಮುದ್ದೆಯ ಆಕಾರಕ್ಕೆ ಬಂತು. ಸಾರು ಮಾತ್ರ ಕೊನೆಯವರೆಗೂ ನನಗೆ ಒಲಿಯಲಿಲ್ಲ. ಹಾಗಿದ್ದರೂ ಸಂಜೆ ರತ್ನ ಬಂದು, ಕೈ ತೊಳೆದು, ನನ್ನೆದುರು ಕೂತು, "ನಮ್ಮ ಪ್ರಿನ್ಸಿಪಾಲರ ಮನೇಲೂ ಇಂಥ ಊಟ ಇರಲ್ಲ ಬಿಡಿ" ಎನ್ನುತ್ತಿದ್ದಳು. ಆ ಪ್ರಿನ್ಸಿಪಾಲರ ಮೇಲೆ ನನಗೆ ಈಗಲೂ ಮರುಕವಿದೆ. ನನ್ನ ಬದುಕಿನಲ್ಲಿ ಅಷ್ಟು ಸುಖದ ಆರು ತಿಂಗಳು ಮತ್ತೆ ಬರಲಿಲ್ಲ.

ಆರನೆಯ ತಿಂಗಳಲ್ಲಿ ಅಮ್ಮ ಬಂದಳು. ಸುಮ್ಮನೆ ಬಂದದ್ದಲ್ಲ, ಕೆಮ್ಮಿಕೊಂಡು ಬಂದಳು. ಡಾಕ್ಟರು ಎದೆ ನೋಡಿ, "ಹೊಗೆಯ ಹತ್ತಿರ ಹೋಗಲೇಬಾರದು, ಎರಡು ತಿಂಗಳು ಇಲ್ಲೇ ಇದ್ದು ಔಷಧಿ ತಗೊಳ್ಳಲಿ" ಎಂದರು. ಇಪ್ಪತ್ತು ವರ್ಷ ಹೊಗೆಯಲ್ಲೇ ಬದುಕಿದವಳಿಗೆ ಹೊಗೆ ಬೇಡವೆಂದರೆ! ಅವಳು ಡಾಕ್ಟರನ್ನು ಕನಿಕರದಿಂದ ನೋಡಿದಳು.

ನಾನು ಕೂಡಲೇ ಹೇಳಿಬಿಡಬೇಕಿತ್ತು, "ಅಮ್ಮಾ, ಅಡುಗೆ ಮಾಡೋದು ನಾನು" ಎಂದು. ನಾಲ್ಕೇ ಪದ. ಆದರೆ ಆ ಮೂರು ಒಲೆಗಳು ಕಣ್ಣೆದುರು ಬಂದವು. "ಅವರು ಇಲ್ಲಿರೋದು ಎರಡೇ ತಿಂಗಳು. ಯಾಕೆ ಅವರ ಮನಸ್ಸು ನೋಯಿಸೋದು? ನಾನೇ ಮಾಡ್ತೀನಿ ಅಂದ್ಕೊಳ್ಳಲಿ" ಎಂದು ರತ್ನ ತಾನಾಗಿಯೇ ಹೇಳಿದಳು. ಇಂಥ ಮಾತು ಕೇಳಿದಾಗ ಮರ್ಯಾದಸ್ಥ ಗಂಡಸು "ಛೆ, ಬೇಡ" ಎನ್ನುತ್ತಾನೆ. ನಾನು "ಹಾಗೇ ಆಗ್ಲಿ" ಎಂದೆ.

ಮರುದಿನದಿಂದ ನಮ್ಮ ನಾಟಕ ಶುರುವಾಯಿತು. ಅಮ್ಮನಿಗೆ ಸ್ಟೌವಿನ ಹೊಗೆ ತಾಗಬಾರದಲ್ಲ, ಅದಕ್ಕೆ ಅಡುಗೆಮನೆಯ ಕದ ಮುಚ್ಚಿಡುವುದಾಯಿತು. "ಬೆಳಿಗ್ಗೆ ಹೊತ್ತು ಒಳಗೇ ಕೂತು ಓದ್ಕೊತೀನಮ್ಮ, ಅಲ್ಲಿ ದೀಪ ಚೆನ್ನಾಗಿದೆ" ಎಂದು ನಾನು ಪುಸ್ತಕ ಹಿಡಿದು ಒಳಹೋಗುತ್ತಿದ್ದೆ. ಒಳಗೆ ನಾನು ಮುದ್ದೆ ತಿರುವುತ್ತ, ಹೊರಗೆ ಕೇಳಲೆಂದು ಬಾಟನಿ ಪಾಠವನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದೆ. ರತ್ನ ಮೂಲೆಯಲ್ಲಿ ಕೂತು ತನ್ನ ಪಾಠಯೋಜನೆ ಬರೆಯುತ್ತ, ಆಗಾಗ ಕೈಯೆತ್ತಿ ಬಳೆ ಅಲ್ಲಾಡಿಸುತ್ತಿದ್ದಳು. ಅಡುಗೆ ನಡೆಯುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಒಮ್ಮೆ ರಾಗಿ ಕೊತಕೊತ ಕುದಿದು ನನ್ನ ಮಣಿಕಟ್ಟಿಗೆ ಸಿಡಿಯಿತು. "ದ್ಯುತಿಸಂಶ್ಲೇ..." ಎಂದು ಅರ್ಧಕ್ಕೆ ಚೀರಿದೆ. ಹೊರಗೆ ಅಮ್ಮ ನರಸಮ್ಮನಿಗೆ ಹೇಳುತ್ತಿದ್ದಳು: "ನನ್ ಮಗ ಹೆಂಗೆ ಓದ್ತಾನೆ ನೋಡು, ಓದೋವಾಗ ಮೈ ಮೇಲೆ ದೇವ್ರು ಬಂದಂಗೆ ಆಯ್ತದೆ."

ನಗು ಅಲ್ಲಿಗೆ ಮುಗಿಯಿತು. ಅಮ್ಮ ಊಟಕ್ಕೆ ಕೂತಳೆಂದರೆ ಪರೀಕ್ಷಕರು ಕೂತ ಹಾಗೆ. ಮೊದಲ ತುತ್ತಿಗೇ ಹುಬ್ಬು ಗಂಟಾಗುತ್ತಿತ್ತು. "ಹುಣಸೆಹಣ್ಣು ಮುಂದಾಗೋಯ್ತು ಕಣಮ್ಮ. ಒಗ್ಗರಣೆ ಹಸಿ ಹಸಿ ಐತೆ. ನಿನ್ ಕೈಯಾಗೆ ರುಚೀನೇ ಇಲ್ವಲ್ಲಮ್ಮ" ಎನ್ನುವಳು. ರತ್ನ ತಲೆ ತಗ್ಗಿಸಿ, "ಹೂಂ ಅತ್ತೆ, ಕಲ್ತ್ಕೊತೀನಿ" ಎನ್ನುವಳು. ನನ್ನ ಸಾರಿಗೆ ಅವಳು ಬೈಸಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದೆ. ಹಗಲೆಲ್ಲ ಅಮ್ಮ ನರಸಮ್ಮನ ಮಗ್ಗದ ಪಕ್ಕ ಕೂತು ಸೊಸೆಯ ಅಡುಗೆಯನ್ನೇ ಹೇಳಿಕೊಳ್ಳುತ್ತಿದ್ದಳಂತೆ. ಎಲ್ಲ ಗೊತ್ತಿದ್ದ ನರಸಮ್ಮ ಹಲ್ಲು ಕಚ್ಚಿ ಕೇಳಿಸಿಕೊಂಡಳು. ಒಂದು ದಿನ ಬಾವಿಯ ಹತ್ತಿರ ನನ್ನನ್ನು ಅಡ್ಡಗಟ್ಟಿದಳು. "ನೀಕು ನೋರು ಲೇದಾ? ಬಾಯಿ ಇಲ್ವಾ ನಿಂಗೆ? ಆ ಪಿಲ್ಲ, ಆ ಹುಡ್ಗಿ, ದಿನಾ ಬೈಸ್ಕೊಂತಾ ಐತೆ. ನಾನೇ ಹೇಳ್ಬುಡ್ಲಾ?" ಎಂದಳು. ನಾನು ಕೈ ಮುಗಿದೆ. "ಥೂ" ಎಂದು ಕೊಡ ಎತ್ತಿಕೊಂಡು ಹೋದಳು.

ಒಂದು ಭಾನುವಾರ ಅಮ್ಮ ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವಾಸಿಯಿತ್ತು.

"ನೋಡಮ್ಮ ರತ್ನಾ, ನನ್ ಎದೆ ಎಷ್ಟು ದಿನ ತಡೀತದೋ ಗೊತ್ತಿಲ್ಲ. ಇವ್ನು ನಾಲ್ಕು ಗಂಟೆಗೇ ಎದ್ದು ಓದ್ತಾನೆ, ಅವ್ನಿಗೆ ಬಾಯಿಗೆ ರುಚಿಯಾಗಿ ಒಂದು ತುತ್ತಿಲ್ಲ. ಸ್ವಲ್ಪ ದಿನ ಟ್ರೈನಿಂಗು ಬಿಟ್ಟು ಮನೇಲಿರು. ನಾನು ಬಾಗಿಲಾಗೆ ಕೂತ್ಕೊಂಡು ಹೇಳ್ತೀನಿ, ನೀನು ಮಾಡು. ನಂಗೆ ಬರೋದನ್ನೆಲ್ಲ ನಿಂಗೆ ಕೊಟ್ಟು ಹೋಯ್ತೀನಿ."

ರತ್ನ ನನ್ನ ಕಡೆ ನೋಡಿದಳು. ಅಮ್ಮನೂ ನನ್ನ ಕಡೆ ನೋಡಿದಳು. ಎರಡು ಜೊತೆ ಕಣ್ಣು ನನ್ನ ಬಾಯಿಯನ್ನೇ ಕಾಯುತ್ತಿದ್ದವು. ನಾನು ಹೇಳಿದ್ದು ಇಷ್ಟು: "ಪರೀಕ್ಷೆ ಹತ್ರ ಬಂತಲ್ಲಮ್ಮ... ನೋಡೋಣ." ಆ "ನೋಡೋಣ" ಎಂಬ ಪದವಿದೆಯಲ್ಲ, ಅದನ್ನು ಹೇಡಿಗಳಿಗಾಗಿಯೇ ಹುಟ್ಟಿಸಿದ್ದಾರೆ. ಯಾರ ಪರವೂ ಅಲ್ಲ, ಯಾರ ವಿರುದ್ಧವೂ ಅಲ್ಲ. ರತ್ನ "ಆಯ್ತು ಅತ್ತೆ, ನಾಳೆಯಿಂದ ಇರ್ತೀನಿ" ಎಂದಳು.

ಮರುದಿನದಿಂದ ಕದ ತೆರೆಯಿತು. ಅಮ್ಮ ಮೂಗಿಗೆ ಸೆರಗು ಹಿಡಿದು ಹೊಸ್ತಿಲಾಚೆ ಕೂತು ಹೇಳಿಕೊಟ್ಟಳು. ಹುರುಳಿ ಕಟ್ಟು ಯಾವಾಗ ಬಸಿಯಬೇಕು, ಶೇಂಗಾ ಎಷ್ಟು ಹುರಿದರೆ ಊರಿಬಿಂಡಿ ಚಟ್ನಿಗೆ ಚೆನ್ನ, ಬದನೆಕಾಯಿಯನ್ನು ಯಾಕೆ ನೀರಿಗೆ ಹಾಕಬೇಕು, ಎಲ್ಲವನ್ನೂ. ಸ್ವಲ್ಪ ದಿನವೆಂದು ಶುರುವಾದದ್ದು ಐದು ವಾರ ನಡೆಯಿತು. ರತ್ನ ನನಗಿಂತ ಬೇಗ ಕಲಿತಳು. ಊರಿಗೆ ಹೊರಡುವ ಹಿಂದಿನ ದಿನ ಅಮ್ಮ ಎರಡು ಮುದ್ದೆ ಉಂಡು, ತಟ್ಟೆ ಸರಿಸಿ, "ಇವತ್ತು ಊಟ ಮಾಡ್ದಂಗಾಯ್ತು ಕಣಮ್ಮ" ಎಂದಳು. ರತ್ನಳ ಮುಖ ಅರಳಿತು. ಅದು ಅವಳು ತಾನೇ ಮಾಡಿದ ಅಡುಗೆಗೆ ಸಿಕ್ಕ ಮೊದಲ ಒಳ್ಳೆಯ ಮಾತು.

ಐದು ವಾರ ಟ್ರೈನಿಂಗಿಗೆ ಹೋಗದಿದ್ದರೆ ಹಾಜರಿ ಸಾಲುವುದಿಲ್ಲ. ಪರೀಕ್ಷೆಗೆ ಕೂರುವಂತಿಲ್ಲ ಎಂದುಬಿಟ್ಟರು. ಮುಂದಿನ ವರ್ಷ ನೋಡೋಣ ಎಂದೆ ನಾನು. ಮತ್ತದೇ ಪದ. ಮುಂದಿನ ವರ್ಷ ಮಗಳು ಹುಟ್ಟಿದಳು, ಅದರ ಮುಂದಿನ ವರ್ಷ ನನಗೆ ಕ್ಲಾರ್ಕ್ ಕೆಲಸ ಸಿಕ್ಕಿತು, ಸೀಟು ಹೋದದ್ದು ಹೋಯಿತು. ಅವಳು ಬರೆದಿದ್ದ ಪಾಠಯೋಜನೆಗಳ ಹಾಳೆಗಳನ್ನು ಕಪಾಟುಗಳಿಗೆ ಹಾಸಿದೆವು.

ನಾನು ಇಲ್ಲಿ ನಿಲ್ಲಿಸಿದರೆ ನೀವು ನನ್ನನ್ನು ಬರೀ ಹೇಡಿ ಎಂದುಕೊಂಡು ಬಿಟ್ಟುಬಿಡುತ್ತೀರಿ. ಅದರ ಮುಂದಿನದೂ ಇದೆ. ಹಾಜರಿಯ ಸುದ್ದಿ ಬಂದ ಹದಿನೈದು ದಿನಕ್ಕೆ ಅಮ್ಮನಿಗೆ ಕಾಯಿಲೆ ಜೋರಾಗಿದೆ ಎಂದು ಕಾಗದ ಬಂತು. ಹೊರಡುವಾಗ ರತ್ನ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು. "ಈಗಲಾದ್ರೂ ಹೇಳ್ಬಿಡಿ. ಆ ರುಚಿಯಿಲ್ಲದ ಸಾರೆಲ್ಲ ನನ್ನ ಕೈದು ಅಂದ್ಕೊಂಡೇ ಅವರು ಹೋಗೋದು ಬೇಡ." ಸೋಮಂದೇಪಲ್ಲಿ, ಪೆನುಕೊಂಡ ದಾಟಿ ಬಸ್ಸು ಹೋದಷ್ಟು ದೂರವೂ ಆ ನಾಲ್ಕು ಪದಗಳನ್ನು ಬಾಯಿಪಾಠ ಮಾಡಿದೆ. ಬಾಟನಿಯನ್ನೂ ಅಷ್ಟು ನಿಷ್ಠೆಯಿಂದ ಮಾಡಿರಲಿಲ್ಲ.

ಅಮ್ಮ ಚಾಪೆಯ ಮೇಲೆ ಚಿಕ್ಕ ಮೂಟೆಯಂತೆ ಮಲಗಿದ್ದಳು. ಒಲೆಗಳು ಆರಿದ್ದವು. ಪಕ್ಕ ಕೂತು ಅವಳ ಕೈ ಹಿಡಿದುಕೊಂಡೆ. ಬಾಯಿ ತೆರೆದೂ ಬಿಟ್ಟಿದ್ದೆ. ಅಷ್ಟರಲ್ಲಿ ಅವಳ ಬೆರಳು ನನ್ನ ಮಣಿಕಟ್ಟಿನ ಸುಟ್ಟ ಕಲೆಯ ಮೇಲೆ ಬಂತು. "ಇದೇನ್ಲಾ?" ಎಂದಳು.

"ಕಾಲೇಜಿನ ಲ್ಯಾಬಲ್ಲಿ ಆಸಿಡ್ ಬಿತ್ತಮ್ಮ" ಎಂದೆ.

ಅವಳು ಆ ಕಲೆಯನ್ನು ಸವರಿದಳು. ಕಣ್ಣಲ್ಲಿ ನೀರು ತುಂಬಿಕೊಂಡು, "ದೊಡ್ಡ ಓದು ಕಣಪ್ಪ. ಹುಷಾರು" ಎಂದಳು. ಆ ಮುಖದಲ್ಲಿದ್ದ ಹೆಮ್ಮೆಯನ್ನು ಕೆಡಿಸಲು ನನ್ನಿಂದ ಆಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹೋಗಿಬಿಟ್ಟಳು. ರತ್ನಳಿಗೆ ತಂತಿ ಕೊಟ್ಟೆ. ಅವಳು ಬಂದು, ಎಲ್ಲ ಮುಗಿದು, ಜನ ಚದುರಿದ ಮೇಲೆ, ಆರಿದ ಒಲೆಗಳ ಹತ್ತಿರ ಕೂತು ಮೆಲ್ಲಗೆ ಕೇಳಿದಳು: "ಹೇಳಿದ್ರಾ?"

"ಹೇಳ್ದೆ" ಎಂದೆ.

"ಏನಂದ್ರು?"

ಆಗ ನನ್ನ ಬಾಯಿಗೆ ಎಲ್ಲಿಲ್ಲದ ಧೈರ್ಯ ಬಂತು. "ಅತ್ತುಬಿಟ್ಟಳು. 'ಅಯ್ಯೋ, ಆ ಮಗೂನ ಸುಮ್ಮಸುಮ್ಮನೆ ಬೈದ್ನಲ್ಲೋ, ಅವ್ಳ ಓದು ನಾನೇ ಕೆಡಿಸ್ದೆ, ನನ್ನ ಕ್ಷಮಿಸ್ಬುಡು ಅಂತ ಹೇಳ್ಲಾ' ಅಂದ್ಳು" ಎಂದೆ. ರತ್ನ ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆಯನ್ನು ಅಂದೇ ಕ್ಷಮಿಸಿದಳು. ನನ್ನನ್ನು ಕ್ಷಮಿಸುವ ಪ್ರಶ್ನೆಯೇ ಏಳಲಿಲ್ಲ. ತಪ್ಪೊಪ್ಪಿಕೊಳ್ಳಲು ತೀರಿಹೋದ ತಾಯಿಯನ್ನು ಕಳಿಸಿ ಹಿಂದೆ ನಿಂತುಕೊಂಡವನನ್ನು ಯಾರು ತಾನೆ ಏನು ಕೇಳುತ್ತಾರೆ?

ಇದನ್ನು ಬರೆಯುತ್ತಿರುವಾಗ ರತ್ನ ಒಮ್ಮೆ ಬಾಗಿಲಿಗೆ ಬಂದು, "ಏನ್ ಬರೀತಿದ್ದೀರಿ?" ಎಂದಳು. "ನಾವು ಹಿಂದೂಪುರದಲ್ಲಿ ಸಂಸಾರ ಹೂಡಿದ್ದು, ನನ್ನ ಅಡುಗೆ, ಅಮ್ಮ ಬಂದದ್ದು..." ಎಂದೆ. ಅವಳು ನಕ್ಕಳು. ಹೋಗುವವಳು ಮತ್ತೆ ತಿರುಗಿ, "ಅತ್ತೆಗೆ ಕೊನೇಲಿ ಎಲ್ಲ ಗೊತ್ತಾಯ್ತು ಅಂತ ಮರೀದೆ ಬರೀರಿ. ಇಲ್ದಿದ್ರೆ ಓದಿದೋರು ಅವರನ್ನ ಕೆಟ್ಟೋರು ಅಂದ್ಕೊಂಡಾರು" ಎಂದಳು.

"ಹೂಂ, ಬರೀತೀನಿ" ಎಂದೆ.