ಅಳಿಯ ಬರೆದ ಸಮುದ್ರದ ಊರು

ನಮ್ಮ ಮನಿಗೆ ಒಂದು ವಸ್ತು ಬಂತಂದ್ರ ಸಾಕು, ನೋಡಾಕ ಬಂದವರೆಲ್ಲ ಅದಕ್ಕ ಒಂದೊಂದು ಅರ್ಥ ಹಚ್ಚಿ ಹೋಗ್ತಾರ. ಫ್ರಿಜ್ ತಂದಾಗ ಹಿಂಗ ಆಗಿತ್ತು. ಈ ಸಲ ಬಂದದ್ದು ಒಂದು ಚಿತ್ರ.

ಆದೋನಿ ಬ್ಯಾಂಕಿನಾಗ ನನ್ನ ಮಗಳ ಜೋಡಿ ಕೆಲಸ ಮಾಡೋ ಹುಡುಗ, ಕಾರವಾರ ಕಡೆಯವ, ಆಕೀನ ಮದುವಿ ಆಗ್ತೀನಂತ ಕೇಳಿದ. ಮಗಳಿಗೂ ಮನಸೈತಿ. ಹುಡುಗನ ಬಗ್ಗೆ ಯಾರದೂ ತಕರಾರಿಲ್ಲ. ಆದ್ರ ಅಷ್ಟು ದೂರದ ಊರು ಹೆಂಗೈತೋ ಏನೋ ಅಂತ ನಮ್ಮವರು ಅನುಮಾನ ತಗದ್ರು. ಅದಕ್ಕ ಅವ ತನ್ನೂರನ್ನ ತಾನ ಬಣ್ಣದಾಗ ಬರದು ಕಳಿಸಿದ. ಸಮುದ್ರ, ದಂಡಿಗೆ ಹೆಂಚಿನ ಮನಿ, ತೆಂಗಿನ ಗಿಡ. ಪಡಸಾಲ್ಯಾಗ ತೂಗಹಾಕಿದಿವಿ.

ಹತ್ತಿ

ಮೊದಲು ನೋಡಿದವ ನಮ್ಮಣ್ಣ. ಹತ್ತಿ ವ್ಯಾಪಾರದಾಗ ಕೂದಲು ಬೆಳ್ಳಗಾದವ.

"ತಮ್ಮಾ, ನೀರಿನ ದಂಡಿಗೆ ಇಷ್ಟು ಹತ್ತಿ ಸುರುವ್ಯಾರಲ್ಲ, ಮ್ಯಾಲೊಂದು ತಾಡಪತ್ರಿ ಸೈತ ಇಲ್ಲ."

"ಅಣ್ಣಾ, ಅದು ತೆರಿ ಬಡದು ಬಂದ ನೊರಿ."

ಚಷ್ಮಾ ಒರಸಿಕೊಂಡು ಮತ್ತೊಮ್ಮೆ ನೋಡಿದ. "ನೊರಿ ಆದ್ರೂ ಬಿಳುಪು ಚಲೋ ಐತಿ. ನನ್ನ ಒಪ್ಪಿಗಿ ಐತಿ ನೋಡು."

ನೀರು

ನಾಗಲದಿನ್ನಿಯಿಂದ ನನ್ನ ಹೆಂಡತಿ ಅಣ್ಣ ಬಂದ್ರು. ಹೊಳಿದಂಡಿಯ ರೈತರು. ಚಿತ್ರದ ಮುಂದ ನಿಂತು, ತೆಲುಗು ಬೆರಸಿ, "ಏಂ ಊರು ಬಾವಾ ಇದಿ? ಇಷ್ಟು ನೀರು ಇಟಗೊಂಡು ಒಂದು ಮೋಟಾರ್ ಕೂಡಿಸಿಲ್ಲ. ಸೋಮಾರಿ ಮಂದಿ" ಅಂದ್ರು.

"ಸಮುದ್ರದ ನೀರು ಉಪ್ಪು ಇರ್ತೈತಿ, ಹೊಲಕ್ಕ ಬರಂಗಿಲ್ಲ" ಅಂದೆ.

ಅವರು ನನ್ನ ಕಡೆ ಪಾಪ ಅನ್ನೋಹಂಗ ನೋಡಿದ್ರು. "ನಿನಗ ಹಂಗ ಹೇಳ್ಯಾರೇನು? ನೀರು ಕೇಳಾಕ ಹೋದ್ರ ನಮ್ಮ ಮ್ಯಾಲಿನ ಊರವರೂ ಹಿಂಗ ಏನರ ಒಂದು ಹೇಳಿ ಕಳಿಸ್ತಾರ."

ಮಾಳಿಗಿ

ಗೋನೆಗಂಡ್ಲದ ಅಕ್ಕ ಬಂದಾಗ ಮಾತ್ರ ಕೆಲಸ ಕೆಡ್ತು.

"ಒಂದು ಮನಿಗೂ ಮಾಳಿಗಿ ಇಲ್ಲ, ಎಲ್ಲಾ ಇಳಿಜಾರು. ಮೆಣಸಿನಕಾಯಿ ಎಲ್ಲಿ ಒಣಗಸ್ತಾರ? ಸಂಡಿಗಿ ಎಲ್ಲಿ ಹಾಕ್ತಾರ? ಸಂಡಿಗಿ ಹಾಕಾಕ ಹತ್ತಿದ ಹುಡುಗಿ ಉರುಳಿ ಸಮುದ್ರಕ್ಕ ಬೀಳ್ತಾಳ. ಬ್ಯಾಡ ಈ ಸಂಬಂಧ."

ಮಗಳು ಅವತ್ತು ಊಟಕ್ಕ ಏಳಲಿಲ್ಲ. ಅತ್ತಿ ಅಂದದ್ದನ್ನೆಲ್ಲಾ ಫೋನಿನಾಗ ಹುಡುಗಗ ಹೇಳಿದ್ಲು. ಮರುದಿನ ಆ ಹುಡುಗ ಬಣ್ಣದ ಡಬ್ಬಿ ಹಿಡಕೊಂಡು ಬಂದ. ಯಾರ ಜೋಡಿನೂ ವಾದ ಮಾಡಲಿಲ್ಲ. ಒಂದು ಮನಿಯ ಹೆಂಚು ತಗದು ಮಾಳಿಗಿ ಕೂಡಿಸಿ, ಮ್ಯಾಲೆ ಕೆಂಪಗ ಮೆಣಸಿನಕಾಯಿ ಹರವಿ, ಚಹಾ ಕುಡದು ಹೋದ.

ಅಕ್ಕ ನೋಡಿ ಅಂದ್ಲು: "ಈಗ ಊರು ಊರಂಗ ಕಾಣಸ್ತೈತಿ."

ಅವ್ವ

ಕಡೀ ಮಾತು ನಮ್ಮವ್ವಂದು. ಆಕಿ ಬ್ಯಾಡ ಅಂದ್ರ ಮುಗೀತು. ಕುರ್ಚಿ ಹಾಕಿಸಿಕೊಂಡು ಚಿತ್ರದ ಮುಂದ ಅರ್ಧ ತಾಸು ಕುಂತ್ಲು. ಮಗಳು ಬಾಗಲಾಗ ನಿಂತಿದ್ಲು.

"ಇದರಾಗ ಮಂದಿ ಎಲ್ಲಿ?"

ನೋಡಿದ್ರ ಖರೇನ, ಒಬ್ಬರೂ ಇಲ್ಲ. ನಾನು ಗಡಿಬಿಡಿಯಾಗ, "ಕೋಸಗಿ ಕಡೆಯವರು ಊರು ಬಿಟ್ಟು ಹೋದಂಗ ಎಲ್ಲಾರೂ ಕೂಲಿಗೆ ಹೋಗಿರಬೇಕವ್ವ" ಅಂದೆ.

"ಸುಳ್ಳು ಯಾಕಪ್ಪ" ಅಂದ್ಲು ಮಗಳು. "ಅಜ್ಜಿ, ಅವರಿಗೆ ಮಂದೀನ ಬರಿಯಾಕ ಬರಂಗಿಲ್ಲ."

ಮುಗೀತು ಕಥಿ ಅನಕೊಂಡೆ. ಅವ್ವ ಎದ್ದು ಒಂದೊಂದ ಬಾಗಲದ ಮ್ಯಾಲೆ ಬೆರಳಿಟ್ಟು ನೋಡಿದ್ಲು. "ಅತ್ತಿ ಕಾಣವಲ್ಲಳು. ಮಾವ ಕಾಣವಲ್ಲ. ನಾದಿನಿ ಒಬ್ಬಾಕಿನೂ ಇಲ್ಲ. ಕೊಡ್ರಿ ಹುಡುಗೀನ. ಇಂಥಾ ಊರು ಹುಡುಕಿದ್ರೂ ಸಿಗಂಗಿಲ್ಲ."

ಮಗಳು ಓಡಿಬಂದು ಅಜ್ಜೀನ ಅಪ್ಪಿಕೊಂಡ್ಲು. ಅಡಿಗಿಮನಿಯಿಂದ ನನ್ನ ಹೆಂಡತಿ ದನಿ ಬಂತು: "ನನ್ನ ನೋಡಾಕ ಬಂದಾಗ ಇವರೂ ಒಂದು ಚಿತ್ರ ತಂದಿದ್ರ ಚಲೋ ಇತ್ತು."

ಅವ್ವ ತಿರುಗಿ ಸೈತ ನೋಡಲಿಲ್ಲ. "ತಂದಿದ್ರ, ಅದರ ಬಾಗಲದಾಗ ನಾನ ನಿಂತಿರ್ತಿದ್ದೆ."