ಸೋರದ ಬಾಟಲಿ, ಸೋರಬಹುದಾದ ಬಟ್ಟಲು

ಹೆಂಡತಿ: ಬೆಳಗ್ಗಿಂದ ಆ ಮೊಲಗಳು ನೀರಿನ ಬಾಟಲಿ ಕೊಳವೆ ನೆಕ್ಕಿ ನೆಕ್ಕಿ ನಾಲಿಗೆ ಸವೆಸ್ಕೊಂಡ್ವು. ಒಂದು ತೊಟ್ಟು ನೀರು ಬಂದಿಲ್ಲ ಕಣ್ರೀ!

ವಾಷರಪ್ಪ: ನಾನೂ ಅದನ್ನೇ ತಾನೇ ಹೇಳ್ತಿರೋದು? ಒಂದು ತೊಟ್ಟು ಬಂದಿಲ್ಲ! ಅಂಗಡಿಯಿಂದ ತಂದಾಗ ಹೇಗೆ ಸೋರ್ತಿತ್ತು, ಈಗ ನೋಡು. ಬಂಡೆಕಲ್ಲಾದ್ರೂ ಒಂದಿಷ್ಟು ಜಿನುಗುತ್ತೆ, ಇದು ಜಿನುಗಲ್ಲ.

ಹೆಂಡತಿ: ಅಯ್ಯೋ, ಅದು ಇರೋದೇ ಹನಿ ಬಿಡೋಕೆ. ಕೊಳವೆ ತುದೀಲಿ ಉಕ್ಕಿನ ಗುಂಡು ಇದೆಯಲ್ಲ, ಮೊಲ ನೆಕ್ಕಿದ್ರೆ ಅದು ಸರಿದು ಹನಿ ಬೀಳ್ಬೇಕು.

ವಾಷರಪ್ಪ: ಹನಿ ಬೀಳೋದಕ್ಕೇ ಕಣೇ ಸೋರೋದು ಅನ್ನೋದು.

ಊರೆಲ್ಲ ಅವನನ್ನು ಕರೆಯುತ್ತಿದ್ದುದೇ ವಾಷರಪ್ಪ ಎಂದು. ನಲ್ಲಿ ರಿಪೇರಿಗೆಂದು ಮೀಸೆ ಮೂಡುವಾಗ ಹಿಡಿದ ಪಾನಾವನ್ನು ಮೀಸೆ ಬೆಳ್ಳಗಾದ ಮೇಲೆ ಕೆಳಗಿಟ್ಟವನು. ಅವನು ಕೈಯಿಟ್ಟ ನಲ್ಲಿ ಮತ್ತೆ ತೊಟ್ಟಿಕ್ಕಿದ್ದಿಲ್ಲ. ಕೆಲವು ನಲ್ಲಿಗಳು ಮತ್ತೆ ತಿರುಗಿದ್ದೂ ಇಲ್ಲ. ಕೆಲಸ ಬಿಟ್ಟರೂ ಸಾಮಾನಿನ ಚೀಲವನ್ನು ಮಾತ್ರ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಹಿರಿಯರನ್ನು ಕೂರಿಸಿದ ಹಾಗೆ ಕೂರಿಸಿದ್ದ. ಹೆಂಡತಿ ಸಾಕಲು ತಂದ ಬೆಳ್ಳಿ, ಬೂದಿ ಎಂಬ ಜೋಡಿ ಮೊಲಗಳ ಗೂಡಿಗೆ ಆ ಮೂಲೆಯೇ ಬೇಕಾಗಿತ್ತು. ಮೊದಲ ದಿನ ಬಾಟಲಿ ತೊಟ್ಟಿಕ್ಕಿ ನೆಲ ಒದ್ದೆಯಾದಾಗ ಅವಳು, “ಬಾಟಲಿ ಬೇಡ, ಬಟ್ಟಲಿಡೋಣ” ಎಂದಳು. ವಾಷರಪ್ಪನಿಗೆ ಮೈಯೆಲ್ಲ ಉರಿದುಹೋಯಿತು. “ನಾನು ಕೈಯಿಟ್ಟ ಮೇಲೂ ಈ ನೆಲಕ್ಕೆ ಒಂದು ಹನಿ ನೀರು ಬಿದ್ದರೆ ನನ್ನ ಚೀಲ ಅಟ್ಟಕ್ಕೆ ಹಾಕು” ಎಂದುಬಿಟ್ಟ. ಅಂದ ಮೇಲೆ ತಾನು ಒಡ್ಡಿದ್ದೇನೆಂದು ಹೊಳೆಯಿತು. ಚೀಲ ಅಟ್ಟಕ್ಕೆ ಹೋದರೆ ಅದರ ಹಿಂದೆ ತಾನೂ ಹೋದ ಹಾಗೆಯೇ. ಅದಕ್ಕೇ ವಾಷರಿನ ಮೇಲೆ ವಾಷರು ಜಡಿದು, ದಾರ ಸುತ್ತಿ, ಬಾಟಲಿಯ ಮೂತಿಯನ್ನು ಗಾಳಿಯೂ ನುಸುಳದಂತೆ ಬಿಗಿದಿದ್ದ.

ಅಷ್ಟರಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಹೆಂಡತಿಯ ತಮ್ಮ ಗೋಣಿಚೀಲ ಹೊತ್ತು ಝಣಝಣ ಸದ್ದು ಮಾಡುತ್ತ ಒಳಬಂದ.

ಭಾವಮೈದ: ಅಕ್ಕಾ, ಬಟ್ಟಲು ತಂದಿದೀನಿ. ಎಲ್ಲಿ ಗಿರಾಕಿಗಳು?

ಹೆಂಡತಿ: ಅಗೋ, ಬಾಯಾರಿ ಕೂತಿವೆ.

ಭಾವಮೈದ: ಭಾವ ಯಾಕೆ ಅವುಗಳ ಪಕ್ಕ ಮಲಗಿದಾರೆ?

ವಾಷರಪ್ಪ: ಪಾಠ ಹೇಳ್ಕೊಡ್ತಿದೀನಿ. ಬಾಟಲೀಲಿ ದೋಷ ಇಲ್ಲ ಕಣಯ್ಯಾ, ಇವಕ್ಕೆ ಕುಡಿಯೋಕೆ ಬರಲ್ಲ. ದಮ್ಮು ಕಟ್ಟಿ ಎಳೀಬೇಕು. ನೋಡಿಲ್ಲಿ.

ಅವನು ಮಲಗಿದಲ್ಲೇ ಬೋರಲಾಗಿ ಕೊಳವೆಗೆ ಬಾಯಿಟ್ಟು ಎಳೆದ. ಕೆನ್ನೆ ಒಳಹೋಯಿತು, ಕಣ್ಣು ಹೊರಬಂತು, ಕಿವಿ ಕೆಂಪಗಾಯಿತು. ಮೊಲಗಳೆರಡೂ ಅವನ ಕಿವಿಯನ್ನೇ ನೋಡಿದವು.

ಭಾವಮೈದ: ಬಂತಾ?

ವಾಷರಪ್ಪ: (ಏದುಸಿರು ಬಿಡುತ್ತ) ಇನ್ನೇನು ಬರೋದ್ರಲ್ಲಿತ್ತು.

ಹೆಂಡತಿ: ಏನು, ನೀರಾ, ಪ್ರಾಣವಾ?

ಭಾವಮೈದ ಖಾಲಿ ಸ್ಟೀಲಿನ ಬಟ್ಟಲೊಂದನ್ನು ನೆಲಕ್ಕಿಟ್ಟ. ಬೂದಿ ಮೂಸಿತು, ಅಂಚನ್ನು ಹಲ್ಲಲ್ಲಿ ಕಚ್ಚಿ ಎತ್ತಿತು.

ಭಾವಮೈದ: ನೋಡಕ್ಕಾ, ಹಿಡಿಸ್ತು ಅವಳಿಗೆ. ತೂಕ ನೋಡ್ತಿದಾಳೆ.

ಬಟ್ಟಲು ಠಣ್ಣೆಂದು ಗೋಡೆಗೆ ಬಡಿಯಿತು.

ವಾಷರಪ್ಪ: ಎಸೆದೇಬಿಟ್ಟಳಲ್ಲಯ್ಯಾ!

ಭಾವಮೈದ: ಒಳ್ಳೆ ಗಿರಾಕಿ ಅಂದ್ರೆ ಹಾಗೇ ಭಾವ. ನಮ್ಮಂಗಡೀಲೂ ಬಡಿದು ಸದ್ದು ಕೇಳಿ ನೋಡ್ತಾರೆ.

ಮುಂದೆ ಬಂದದ್ದು ಪಿಂಗಾಣಿಯ ಬಟ್ಟಲು, ಒರಳಿನಷ್ಟು ಭಾರ. ಬೆಳ್ಳಿ ಅದರ ಸುತ್ತ ಒಂದು ಸುತ್ತು ಬಂದು, ಒಳಗೆ ಹತ್ತಿ, ಆರಾಮಾಗಿ ಕುಕ್ಕರಿಸಿತು.

ಭಾವಮೈದ: ಅಳತೆ ಮಾಡಿಸಿದ ಹಾಗಿದೆ!

ವಾಷರಪ್ಪ: ಬಟ್ಟಲು ಕುಡಿಯೋಕೆ ಕಣಯ್ಯಾ, ಕೂರೋಕಲ್ಲ.

ಭಾವಮೈದ: ಕೂತ್ಕೊಂಡೇ ಕುಡಿಯುತ್ತೆ ಬಿಡಿ. ನಿಮ್ಮ ಬಾಟಲೀಲಿ ನಿಂತ್ರೂ ಇಲ್ಲ, ಮಲಗಿದ್ರೂ ಇಲ್ಲ. ಹಾಂ, ಕಿವಿ ನೀರಲ್ಲಿ ನೆನೆಯುತ್ತೆ ಅಂತ ಬಟ್ಟೆ ಕ್ಲಿಪ್ಪೂ ತಂದಿದೀನಕ್ಕಾ. ಎರಡು ಕಿವೀನೂ ಹಿಂದಕ್ಕೆ ಸೇರಿಸಿ ಹಾಕಿದ್ರೆ...

ಹೆಂಡತಿ: ಮೊದಲು ನಿನ್ನ ಬಾಯಿಗೆ ಹಾಕ್ಕೋ. ಆಮೇಲೊಂದು ಈ ಮಹಾರಾಯರಿಗೆ. ಬಾಟಲಿ ಬಟ್ಟಲು ಅಂತ ನೀವಿಬ್ಬರೂ ಕಚ್ಚಾಡ್ತಿರಿ, ನನ್ನ ಮಕ್ಕಳು ಒಣಗಲಿ. ಸೌತೆಕಾಯಾದ್ರೂ ಹೆಚ್ಚಿ ತರ್ತೀನಿ. ಬಾರೋ ನೀನು, ಚಾಕು ಎಲ್ಲಿಟ್ಟಿದೀನೋ ಹುಡುಕು.

ಅಕ್ಕ ತಮ್ಮ ಅಡುಗೆಮನೆಗೆ ಹೋದರು. ವಾಷರಪ್ಪ ಮೊಲಗಳೊಂದಿಗೆ ಉಳಿದ. ಬೂದಿ ಹತ್ತಿರ ಬಂದು ಕೊಳವೆಯನ್ನು ಒಮ್ಮೆ ನೆಕ್ಕಿತು, ಹಿಂಗಾಲ ಮೇಲೆ ನಿಂತು ಅವನ ಮುಖ ನೋಡಿತು, ಮತ್ತೆ ನೆಕ್ಕಿತು.

ವಾಷರಪ್ಪ: ನನ್ನನ್ನ ಹಾಗೆ ನೋಡ್ಬೇಡವೇ. ನಿನಗೇನು, ನೆಕ್ಕಿ ಹೋಗ್ತೀಯ. ಹೋಗೋದು ನನ್ನ ಚೀಲ.

ಮೊಲ ನೋಡುತ್ತಲೇ ಇತ್ತು. ವಾಷರಪ್ಪ ಅಡುಗೆಮನೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಕಳ್ಳನ ಹಾಗೆ ಪಾನಾ ತೆಗೆದು, ಬಾಟಲಿಯ ಮೂತಿ ಬಿಚ್ಚಿದ. ಒಂದೊಂದಾಗಿ ವಾಷರು ಹೊರಬಂದವು. ಮೂತಿ ತಿರುಗಿಸಿ ಬಾಟಲಿಯನ್ನು ಗೂಡಿನ ಕಂಬಿಗೆ ನೇತುಹಾಕಿದಾಗ ಕೊಳವೆಯ ತುದಿಯಲ್ಲಿ ಹನಿಯೊಂದು ಮೂಡಿತು. ಅವನ ಕೈ ಅದನ್ನು ತಡೆಯಲು ತಾನಾಗಿಯೇ ಮುಂದೆ ಹೋಯಿತು. ಬೂದಿಯ ನಾಲಿಗೆ ಅದಕ್ಕಿಂತ ಮೊದಲು ಮುಟ್ಟಿತು.

ಹೆಂಡತಿ: (ಸೌತೆಕಾಯಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು) ಸೋರ್ತಿದೆ.

ವಾಷರಪ್ಪ: (ಬೆಚ್ಚಿ) ಸೋರ್ತಿಲ್ಲ. ಬರ್ತಿದೆ.

ಹೆಂಡತಿ: ಸೋರೋದಕ್ಕೂ ಬರೋದಕ್ಕೂ ಏನ್ರೀ ವ್ಯತ್ಯಾಸ?

ವಾಷರಪ್ಪ: ಕೆಳಗೆ ಬಾಯಿ ಇದ್ರೆ ಬರೋದು. ನೆಲ ಇದ್ರೆ ಸೋರೋದು.

ಭಾವಮೈದ ಓಡಿಬಂದು ನೆಲವನ್ನೆಲ್ಲ ಅಂಗೈಯಲ್ಲಿ ಸವರಿ ನೋಡಿದ.

ಭಾವಮೈದ: ಒಣಗೇ ಇದೆ ಅಕ್ಕಾ! ಒಂದು ಹನೀನೂ ಕೆಳಗೆ ಬಿಡ್ತಿಲ್ಲ ಇವು.

ಬೂದಿ ಕುಡಿಯಿತು, ಬೆಳ್ಳಿ ಕುಡಿಯಿತು. ದಾಹ ತೀರಿದ ಮೊಲಗಳು ಸೌತೆಕಾಯಿಯತ್ತ ಹೊರಟವು. ಬಾಟಲಿ ಮಾತ್ರ ನಿಲ್ಲಲಿಲ್ಲ. ಜೀವಮಾನವಿಡೀ ನೀರು ತಡೆದವನಿಗೆ ಎಷ್ಟು ಬಿಡಬೇಕೆಂಬ ಅಳತೆ ಗೊತ್ತಿರಲಿಲ್ಲ. ಮತ್ತೊಂದು ಹನಿ ಮೂಡಿ, ದಪ್ಪಗಾಗಿ, ತೂಗತೊಡಗಿತು.

ವಾಷರಪ್ಪ: ಬಾಯಿ! ಯಾರದಾದ್ರೂ ಬಾಯಿ ಇಡ್ರೋ!

ಭಾವಮೈದ ಪಿಂಗಾಣಿ ಬಟ್ಟಲನ್ನು ಸರಕ್ಕನೆ ಕೆಳಗೆ ತಳ್ಳಿದ. ಟಿಂಗ್. ಮತ್ತೆ ಟಿಂಗ್. ಮೂವರೂ ಉಸಿರು ಬಿಟ್ಟರು. ಬಟ್ಟಲ ತಳದಲ್ಲಿ ನೀರು ನಿಂತಿತು.

ಭಾವಮೈದ: ನೋಡಿದ್ರಾ ಭಾವ? ಮರ್ಯಾದೆ ಉಳಿಸಿದ್ದು ಕೊನೆಗೂ ಬಟ್ಟಲೇ.

ಹೆಂಡತಿ: ಹೋಗ್ಲಿ, ಬಾಟಲೀನೂ ಇರಲಿ, ಕೆಳಗೆ ಬಟ್ಟಲೂ ಇರಲಿ. ನೆಲ ಒಣಗಿದೆ. ಚೀಲ ಅಲ್ಲೇ ಇಟ್ಕೊಳ್ಳಿ, ಗೂಡಿಗೆ ಬೇರೆ ಜಾಗ ನೋಡ್ತೀನಿ.

ಗೆದ್ದೆನೆಂದು ವಾಷರಪ್ಪ ಮೀಸೆ ನೀವಿಕೊಂಡ. ಹಾಗೇ ಬಟ್ಟಲನ್ನು ದಿಟ್ಟಿಸಿದ. ಬೆರಳಲ್ಲಿ ತಟ್ಟಿದ. ಹುಬ್ಬು ಗಂಟಾಯಿತು.

ವಾಷರಪ್ಪ: ಅಲ್ಲಯ್ಯಾ, ನಿನ್ನ ಈ ಬಟ್ಟಲು ಸೋರಲ್ಲ ತಾನೇ?

ಭಾವಮೈದ: ನನ್ನ ಅಂಗಡಿ ಮಾಲಿಗೆ ಹಾಗಂತೀರಾ?

ವಾಷರಪ್ಪ: ಅನ್ನೋದಲ್ಲ, ನೋಡ್ಬೇಕು. ತಳದಲ್ಲಿ ಕೂದಲೆಳೆಯಷ್ಟು ಸೀಳಿದ್ರೂ ಸಾಕು...

ಹೇಳುತ್ತಲೇ ಬಟ್ಟಲನ್ನೆತ್ತಿ, ತಳ ನೋಡಲು ತಲೆಕೆಳಗು ಮಾಡಿದ.

ನೀರೆಲ್ಲ ನೆಲದ ಮೇಲೆ ಹರಡಿತು. ಮೊಲಗಳು ಅಗಿಯುವುದನ್ನು ನಿಲ್ಲಿಸಿದವು.

ವಾಷರಪ್ಪ: (ಸಣ್ಣ ದನಿಯಲ್ಲಿ) ತಳ ಗಟ್ಟಿಯಾಗಿದೆ.

ಹೆಂಡತಿ ಏಣಿ ತಂದು ಗೋಡೆಗೆ ಒರಗಿಸಿದಳು. ವಾಷರಪ್ಪ ಚೀಲವನ್ನು ಹೆಗಲಿಗೇರಿಸಿ, ಅದರ ಪಟ್ಟಿಯನ್ನೊಮ್ಮೆ ಸವರಿ, ಒಂದೊಂದೇ ಮೆಟ್ಟಿಲು ಹತ್ತಿ ಅಟ್ಟದ ಕತ್ತಲಲ್ಲಿ ಮರೆಯಾದ. ಹೆಂಡತಿ ಏಣಿಯ ಬುಡಕ್ಕೆ ಬಂದು ಕತ್ತು ಮೇಲೆತ್ತಿದಳು.

ಹೆಂಡತಿ: ರೀ... ಇಳಿದು ಬನ್ನಿ. ಏನೋ ಪಂದ್ಯ, ಹೋಗ್ಲಿ ಬಿಡಿ.

ಮೇಲಿನಿಂದ ಬಂದ ದನಿಗೆ ಹರೆಯ ಮರಳಿತ್ತು.

ವಾಷರಪ್ಪ: ಲೇ, ಇಲ್ಲಿ ಟ್ಯಾಂಕಿಂದ ಬರೋ ಪೈಪು ಮೂರು ಕಡೆ ತೊಟ್ಟಿಕ್ತಿದೆ ಕಣೇ! ಚೀಲಾನೂ ಇಲ್ಲೇ ಇದೆ! ಏಣಿ ತೆಗೆದುಬಿಡು, ನಾನು ಸದ್ಯಕ್ಕೆ ಇಳಿಯಲ್ಲ. ಕುಡಿಯೋಕೆ ಮಾತ್ರ ಒಂದಿಷ್ಟು ನೀರು ಕೊಡು.

ಹೆಂಡತಿ: (ಸೊಂಟಕ್ಕೆ ಕೈಯಿಟ್ಟು) ಯಾವುದರಲ್ಲಿ ಕೊಡ್ಲಿ? ಬಾಟಲೀಲೋ, ಬಟ್ಟಲಲ್ಲೋ?